ದೊಡ್ಡವರ ಡ್ರಾಯಿಂಗ್ ಕ್ಲಾಸಿಗೆ 31 ಸಾಮಾನಿನ ಪಟ್ಟಿ ಕೊಟ್ಟಿದ್ದಾರೆ, ಎಲ್ಲಾ ಕೊಳ್ಳಬೇಕಾ?

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನಗೆ 54. ಹೋದ ವರ್ಷ ಬ್ಯಾಂಕ್ ಕೆಲಸಕ್ಕೆ ವಿಆರ್‌ಎಸ್ ತಗೊಂಡೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿದ್ದೆ. ಹೈಯರ್‌ಗೆ ಕಟ್ಟುವಷ್ಟರಲ್ಲಿ ಪಿಯುಸಿ, ಆಮೇಲೆ ಡಿಗ್ರಿ, ಆಮೇಲೆ ಮದುವೆ. ಅಲ್ಲಿಗೆ ಕುಂಚ ಮುಟ್ಟಿದ್ದು ಮುಗಿಯಿತು. ಈಗ ಮನೆ ಹತ್ತಿರ ದೊಡ್ಡವರಿಗೆ ಅಂತಲೇ ಭಾನುವಾರ ಬೆಳಿಗ್ಗೆ ಕ್ಲಾಸು ಶುರುವಾಗುತ್ತಿದೆ, ಸೇರಿಕೊಂಡಿದ್ದೇನೆ. ಮೊದಲ ಎರಡು ತಿಂಗಳು ಪೆನ್ಸಿಲ್ ಮತ್ತು ಇದ್ದಿಲು, ಆಮೇಲೆ ವಾಟರ್ ಕಲರ್, ಕೊನೆಗೆ ಅಕ್ರಿಲಿಕ್.

ವಾಟ್ಸ್ಆ್ಯಪ್‌ನಲ್ಲಿ ಒಂದು ಪಟ್ಟಿ ಬಂದಿದೆ. 31 ಸಾಮಾನು. 12 ಪೆನ್ಸಿಲ್‌ಗಳ ಸೆಟ್, 48 ಆಯಿಲ್ ಪೇಸ್ಟಲ್, 24 ವಾಟರ್ ಕಲರ್ ಟ್ಯೂಬ್, 12 ಅಕ್ರಿಲಿಕ್, ಒಂದು ಡಜನ್ ಕುಂಚ, ಮಡಚುವ ಈಸೆಲ್ (ಚಿತ್ರ ಬರೆಯುವಾಗ ಹಲಗೆ ನಿಲ್ಲಿಸುವ ಸ್ಟ್ಯಾಂಡು), ನಾಲ್ಕು ಕ್ಯಾನ್ವಾಸ್, ಪ್ಯಾಲೆಟ್ ನೈಫ್, ಇದ್ದಿಲು ಉದುರದ ಹಾಗೆ ಹೊಡೆಯುವ ಫಿಕ್ಸೇಟಿವ್ ಸ್ಪ್ರೇ, ಹೀಗೆ ಹೋಗುತ್ತದೆ. ಅವೆನ್ಯೂ ರಸ್ತೆಗೆ ಹೋಗಿ ಲೆಕ್ಕ ಹಾಕಿಸಿದೆ. 9,400 ರೂಪಾಯಿ. ಕ್ಲಾಸಿನಲ್ಲೇ ಸಿಗುವ ಕಿಟ್ ತಗೊಂಡರೆ ಇನ್ನೂ ಜಾಸ್ತಿ. ಮನೆಯವರು ಪಟ್ಟಿ ನೋಡಿ "ಚಿತ್ರ ಬರೀತೀಯೋ, ಅಂಗಡಿ ಇಡ್ತೀಯೋ?" ಅಂದರು.

ದುಡ್ಡು ಇಲ್ಲ ಅಂತಲ್ಲ. ತಂದು ಅಟ್ಟದ ಮೇಲೆ ಇಡುವ ಹಾಗಾಗಬಾರದು ಅಷ್ಟೆ. ಇದರಲ್ಲಿ ನಿಜವಾಗಿ ಬೇಕಾಗಿದ್ದು ಯಾವುದು? ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿ ಹಿಡಿಯಬಹುದು? ಗೊತ್ತಿದ್ದವರು ಹೇಳಿ.

ಸೆಟ್ ಪ್ರೇಮಿ, ತುಮಕೂರು

ಅಕ್ಕಾ, ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ನಾನು ಯಾವ ಪೈಕಿ ಅಂತ. ಲಾಕ್‌ಡೌನ್ ಸಮಯದಲ್ಲಿ 72 ಬಣ್ಣದ ಪೆನ್ಸಿಲ್ ಇರುವ ತಗಡಿನ ಡಬ್ಬಿ ತರಿಸಿದೆ. ಮುಚ್ಚಳ ತೆಗೆದಾಗ ಎಷ್ಟು ಚೆಂದ ಇತ್ತು ಅಂದ್ರೆ ಬಳಸೋಕೆ ಮನಸ್ಸೇ ಬರಲಿಲ್ಲ. ಇವತ್ತಿಗೂ ಅದರಲ್ಲಿ ಮೋಟಾಗಿರುವುದು ಏಳೋ ಎಂಟೋ. ಬಿಳಿ ಪೆನ್ಸಿಲ್ ಅಂತೂ ಕಾರ್ಖಾನೆಯಿಂದ ಬಂದ ಹಾಗೇ ಚೂಪಾಗಿದೆ. 48 ಆಯಿಲ್ ಪೇಸ್ಟಲ್ ತಗೋಬೇಡಿ. ಬೇಕಾದರೆ ನಂದೇ ಕೊಡ್ತೀನಿ, ಹೊಸದಾಗೇ ಇದೆ.

ಗೀಚುಗಾರ, ಮೈಸೂರು

ಮೇಡಂ, ನಾನು 18 ವರ್ಷದಿಂದ ಸಂಜೆ ಹೊತ್ತು ದೊಡ್ಡವರಿಗೆ ಚಿತ್ರ ಹೇಳಿಕೊಡುತ್ತಿದ್ದೇನೆ. ನಾನೂ ಮೊದಮೊದಲು ಇಂಥ ಉದ್ದದ ಪಟ್ಟಿ ಕೊಡುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಮಧ್ಯದಲ್ಲಿ ಯಾರೂ "ಸರ್, ಅದು ತಂದಿಲ್ಲ" ಅನ್ನಬಾರದು ಅಂತ ಎಲ್ಲಾ ಸೇರಿಸಿಬಿಡುತ್ತೇವೆ. ಅದಕ್ಕೇ ಮೇಷ್ಟ್ರಿಗೆ ಒಂದೇ ಪ್ರಶ್ನೆ ಕೇಳಿ: "ಮೊದಲ ನಾಲ್ಕು ವಾರಕ್ಕೆ ಏನೇನು ತರಲಿ?" ಅವರೇ ಐದಾರು ಸಾಮಾನು ಹೇಳುತ್ತಾರೆ ನೋಡಿ.

ಪೆನ್ಸಿಲ್ ವಿಷಯ ಹೇಳುತ್ತೇನೆ. ಒಳಗಿರುವ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣು ಬೆರೆಸಿ ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕೊಂಟೆ ಅನ್ನುವವನು ಈ ಬೆರಕೆಗೆ ಪೇಟೆಂಟ್ ಪಡೆದ. ಮಣ್ಣು ಜಾಸ್ತಿಯಾದರೆ ಕಡ್ಡಿ ಗಟ್ಟಿ, ಗೆರೆ ತೆಳು, ಅದು ಎಚ್. ಗ್ರಾಫೈಟ್ ಜಾಸ್ತಿಯಾದರೆ ಮೆದು, ಗೆರೆ ಕಪ್ಪು, ಅದು ಬಿ. 12ರ ಸೆಟ್‌ನಲ್ಲಿ ಕೆಲವು ಎಚ್ ಇರುತ್ತವೆ. ಅವು ಮನೆ ನಕ್ಷೆ ಹಾಕುವವರಿಗೆ ಚೆನ್ನ. ಹೊಸಬರ ಕೈಗೆ ಕೊಟ್ಟರೆ ಕಾಗದ ಗೀರಿ ಹೋಗುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಆ ಗೀರು ಹೋಗುವುದಿಲ್ಲ. ಮನೆಯಲ್ಲಿ ಎಚ್‌ಬಿ ಇದ್ದೇ ಇರುತ್ತದೆ. ಬಿಡಿಯಾಗಿ 2ಬಿ, 4ಬಿ, 6ಬಿ ತಗೊಳ್ಳಿ. ಮುಗಿಯಿತು. ಅಪ್ಸರಾ ಆದರೂ ಆಗುತ್ತದೆ, ಸ್ಟೆಡ್‌ಲರ್‌ನ ನೀಲಿ ಮೈಯ ಪೆನ್ಸಿಲ್ ಆದರೂ ಆಗುತ್ತದೆ. ಎರಡನೆಯದರಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕರಾರುವಾಕ್ಕಾಗಿ ಇರುತ್ತದೆ, ಅದಕ್ಕೆ ಬೆಲೆ.

ಶಾರ್ಪನರ್ ಬದಲು ಕಟರ್ ಬ್ಲೇಡ್ ಇಟ್ಟುಕೊಳ್ಳಿ. ಒಂದು ಇಂಚು ಮರ ಕೆತ್ತಿ, ಅರ್ಧ ಇಂಚು ಕಡ್ಡಿ ಹೊರಗೆ ಬರುವ ಹಾಗೆ ಮಾಡಿ. ಆಗ ಪೆನ್ಸಿಲ್ ಅಡ್ಡ ಮಲಗಿಸಿ ಉಜ್ಜಬಹುದು. ಒಂದೇ ಪೆನ್ಸಿಲ್‌ನಲ್ಲಿ ಕೂದಲೆಳೆಯಂಥ ಗೆರೆಯೂ ಬರುತ್ತದೆ, ಎರಡು ಬೆರಳಗಲದ ನೆರಳೂ ಬರುತ್ತದೆ. ಮೊದಲ ದಿನ ಎಲ್ಲರೂ ಎರಡು ಸಲ ಕಡ್ಡಿ ಮುರಿಯುತ್ತಾರೆ. ಮುರಿಯಲಿ.

ರಬ್ಬರ್ ಎರಡು ಬೇಕು. ಮಾಮೂಲಿ ಬಿಳಿಯದು ಒಂದು, ಚಪಾತಿ ಹಿಟ್ಟಿನ ಹಾಗೆ ನಾದುವ ಬೂದು ರಬ್ಬರ್ ಇನ್ನೊಂದು. ಇದ್ದಿಲಿಗೆ ಈ ನಾದುವ ರಬ್ಬರೇ ಸರಿ. ಉಜ್ಜಬಾರದು, ಒತ್ತಿ ಎತ್ತಬೇಕು. ಕಪ್ಪು ಅದಕ್ಕೆ ಅಂಟಿಕೊಂಡು ಬರುತ್ತದೆ.

ಇದ್ದಿಲು ಅಂದಾಗ ನೆನಪಾಯಿತು. ನಮ್ಮ ಮೈಸೂರು ಶೈಲಿಯ ಹಳೇ ಚಿತ್ರಕಾರರು ಕರಡು ಬರೆಯಲು ಹುಣಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಒಂದು ಸಲ ಕ್ಲಾಸಿನವರೆಲ್ಲ ಸೇರಿ ತಗಡಿನ ಡಬ್ಬಿಯಲ್ಲಿ ಮಾಡಲು ಹೋದೆವು. ಮುಚ್ಚಳ ಬಿಗಿಯಾಗಿರಲಿಲ್ಲ. ಗಾಳಿ ಒಳಗೆ ಹೋಗಿ ಅರ್ಧಕ್ಕರ್ಧ ಬೂದಿಯಾಯಿತು. ಉಳಿದ ಏಳು ಕಡ್ಡಿಯಲ್ಲಿ ಮಾತ್ರ ಎಂಥ ಕಪ್ಪು ಬಂತು ಅಂತೀರಿ! ನೀವು ಅಂಗಡಿಯ ವಿಲ್ಲೋ ಮರದ ಇದ್ದಿಲು ಒಂದು ಪ್ಯಾಕೆಟ್ ತಗೊಳ್ಳಿ ಸಾಕು.

ಈಸೆಲ್ ಈಗ ಬೇಡ. ಎ3ಗಿಂತ ಸ್ವಲ್ಪ ದೊಡ್ಡ ಎಂಡಿಎಫ್ ಹಲಗೆ, ಎರಡು ಕ್ಲಿಪ್. ಹಲಗೆ ತೊಡೆ ಮೇಲೆ, ಅದರ ತಲೆ ಮುಂದಿನ ಕುರ್ಚಿಯ ಬೆನ್ನಿಗೆ. ಬಾಡಿಗೆ ಇಲ್ಲದ ಈಸೆಲ್.

ಒಂದೇ ಪೆನ್ಸಿಲ್, ಶಿವಮೊಗ್ಗ

ಗೀಚುಗಾರ ಸರ್ ಹೇಳಿದ್ದಕ್ಕೆ ನನ್ನ ಓಟು. ಒಂದು ತಿದ್ದುಪಡಿ: ಮೂರೂ ಬೇಡ, 4ಬಿ ಒಂದೇ ಸಾಕು.

ಅಂಗಡಿ ಹುಡುಗ, ಹುಬ್ಬಳ್ಳಿ

ನಾನು ಸ್ಟೇಷನರಿ ಅಂಗಡಿಯಲ್ಲಿ ಕೆಲಸ ಮಾಡುವವ. ಕೌಂಟರ್ ಈ ಕಡೆಯಿಂದ ಕಂಡದ್ದು ಹೇಳ್ತೀನಿ. ಹೊಸದಾಗಿ ಕಲಿಯೋರು ಬಂದು ಬಣ್ಣದ ಮೇಲೆ ಎರಡು ಸಾವಿರ ಸುರೀತಾರೆ, ಕಾಗದ ಕೇಳುವಾಗ "ಡ್ರಾಯಿಂಗ್ ಶೀಟ್ ಕೊಡಪ್ಪ, ಐದು ರೂಪಾಯಿದು" ಅಂತಾರೆ. ತಿಂಗಳು ಬಿಟ್ಟು ಬಂದು "ಬಣ್ಣ ಸರಿ ಇಲ್ಲ" ಅಂತಾರೆ. ಬಣ್ಣ ಸರಿ ಇರುತ್ತೆ ರೀ.

ಕಾಗದದ ಮೇಲೆ ಜಿಎಸ್‌ಎಂ ಅಂತ ಒಂದು ನಂಬರ್ ಇರುತ್ತೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ಜೆರಾಕ್ಸ್ ಕಾಗದ 70, 75 ಇರುತ್ತೆ. ಪೆನ್ಸಿಲ್‌ಗೆ 130ರಿಂದ 150ರ ಕಾರ್ಟ್ರಿಡ್ಜ್ ಕಾಗದ ಒಳ್ಳೇದು. ವಾಟರ್ ಕಲರ್‌ಗೆ 300 ಇರಲೇಬೇಕು, ಕಮ್ಮಿ ಇದ್ದರೆ ನೀರು ಬಿದ್ದ ಕೂಡಲೇ ಹಪ್ಪಳ ಆಗುತ್ತೆ.

ಐವರಿ ಶೀಟ್ ಕೇಳಬೇಡಿ. ನುಣುಪಾಗಿ ಬೆಳ್ಳಗೆ ಚೆಂದ ಕಾಣುತ್ತೆ ಅಂತ ಬಹಳ ಜನ ಒಯ್ಯುತ್ತಾರೆ. ಇದ್ದಿಲು ಅದರ ಮೇಲೆ ಕೂರುವುದೇ ಇಲ್ಲ, ಜಾರುತ್ತೆ. ಬೆರಳು ಆಡಿಸಿ ನೋಡಿ, ಸ್ವಲ್ಪ ತರಿತರಿ ಇರಬೇಕು.

ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೆಯಾನ್, ಪೇಸ್ಟಲ್, ಡ್ರಾಯಿಂಗ್ ಇದ್ದಿಲು ಇವಕ್ಕೆ ಜಿಎಸ್‌ಟಿ ಇಲ್ಲ. ಬಿಲ್ ಒಮ್ಮೆ ನೋಡಿಕೊಳ್ಳಿ.

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರಿಗೆ ಮೆಸೇಜ್ ಹಾಕಿದೆ. ಗೀಚುಗಾರ ಸರ್ ಹೇಳಿದ ಹಾಗೇ ಆಯಿತು, "ಸದ್ಯಕ್ಕೆ ಪೆನ್ಸಿಲ್, ಇದ್ದಿಲು, ಹಲಗೆ, ಕಾಗದ ತನ್ನಿ ಮೇಡಂ" ಅಂದರು. 9,400 ಇದ್ದದ್ದು 780ಕ್ಕೆ ಇಳಿಯಿತು. ಮನೆಯವರಿಗೆ ಹೇಳಿದೆ. "ಉಳಿದದ್ದರಲ್ಲಿ ಮಿಕ್ಸಿ ರಿಪೇರಿ ಮಾಡಿಸೋಣ" ಅಂದರು.

ಈಗ ವಾಟರ್ ಕಲರ್ ಪ್ರಶ್ನೆ. 300 ಜಿಎಸ್‌ಎಂ ಅಂತ ನೋಡಿದರೆ ಒಂದೇ ಸೈಜಿನ ಪ್ಯಾಡ್ 250ಕ್ಕೂ ಇದೆ, 1,800ಕ್ಕೂ ಇದೆ. ಯಾಕೆ ಹೀಗೆ?

ಕರಾವಳಿ ಕುಂಚ, ಮಂಗಳೂರು

ಇದಕ್ಕೆ ನಾನು ಉತ್ತರ ಕೊಡ್ತೇನೆ ಮಾರಾಯ್ರೆ, ಇದಕ್ಕೇ ಕಾಯ್ತಾ ಇದ್ದೆ. ಕಡಿಮೆ ಬೆಲೆಯದ್ದು ಮರದ ತಿರುಳಿನ ಕಾಗದ. ಜಾಸ್ತಿ ಬೆಲೆಯದ್ದು ಪೂರ್ತಿ ಹತ್ತಿಯದ್ದು, 100 ಪರ್ಸೆಂಟ್ ಕಾಟನ್ ಅಂತ ಬರೆದಿರ್ತದೆ. ತೂಕ ಎರಡರದ್ದೂ 300. ಆದರೆ ನೀರನ್ನು ಹಿಡಿಯುವ ರೀತಿಯೇ ಬೇರೆ.

ನಾನು ಎರಡು ವರ್ಷ ತಿರುಳಿನ ಕಾಗದದಲ್ಲೇ ಒದ್ದಾಡಿದೆ. ಆಕಾಶ ಬರೆಯಲು ಹೋದರೆ ಪ್ರತಿ ಸಲ ಮಧ್ಯದಲ್ಲಿ ಒಂದು ಗಟ್ಟಿ ಅಂಚು, ಅದರ ಕೆಳಗೆ ಹೂಕೋಸಿನಂಥ ಕಲೆ. ನನಗೆ ಕೈ ಬರುವುದಿಲ್ಲ ಅಂತಲೇ ತೀರ್ಮಾನ ಮಾಡಿದ್ದೆ. ಒಂದು ದಿನ ಗೆಳತಿ ಒಂದು ತುಂಡು ಹತ್ತಿ ಕಾಗದ ಕೊಟ್ಟಳು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದನ್ನೂ ನನ್ನ ಹಳೇ ಕಾಗದವನ್ನೂ ಪಕ್ಕಪಕ್ಕ ಹಲಗೆಗೆ ಅಂಟಿಸಿದೆ. ಒಂದೇ ಬಟ್ಟಲಿನ ನೀಲಿ, ಒಂದೇ ಕುಂಚ. ಮೇಲಿಂದ ಕೆಳಗೆ ಎಳೆದೆ. ತಿರುಳಿನ ಕಾಗದದಲ್ಲಿ ಮೂರನೇ ಗೆರೆ ಎಳೆಯುವಷ್ಟರಲ್ಲಿ ಮೊದಲನೆಯದು ಒಣಗಿ ಪಟ್ಟೆ ಬಿತ್ತು. ಹತ್ತಿ ಕಾಗದ ಪೂರ್ತಿ ಇನ್ನೂ ಮಿಣಮಿಣ ಒದ್ದೆ ಇತ್ತು. ಅಂಚಿನಲ್ಲಿ ನಿಂತ ಬಣ್ಣದ ಹನಿ ಮೆಲ್ಲ ಕೆಳಗೆ ಇಳಿಯಿತು, ಗುರುತೇ ಉಳಿಯಲಿಲ್ಲ. ಒಣಗಿದ ಮೇಲೆ ಒದ್ದೆ ಕುಂಚದಿಂದ ಬಣ್ಣ ಎತ್ತಿ ಒಂದು ಮೋಡ ಬಿಡಿಸಿದೆ, ಬಂತು. ಹಳೇ ಕಾಗದದಲ್ಲಿ ಅದೇ ಮಾಡಿದರೆ ಮೇಲಿನ ಪದರವೇ ರವೆ ರವೆಯಾಗಿ ಎದ್ದಿತು.

ಆವತ್ತು ಸಿಟ್ಟು ಬಂದದ್ದು ನಿಜ. ಎರಡು ವರ್ಷ ನನ್ನ ಕೈಗೇ ಬೈದಿದ್ದೆನಲ್ಲ.

ಪ್ಯಾಡ್ ತಗೊಳ್ಳಬೇಡಿ, ಬಿಡಿ ಶೀಟ್ ತಗೊಳ್ಳಿ. 22 ಇಂಚು 30 ಇಂಚಿನ ಪೂರ್ತಿ ಶೀಟ್ ಸಿಗ್ತದೆ. ನಾಲ್ಕು ಮಾಡಿದರೆ 11 x 15, ಕ್ಲಾಸಿಗೆ ಸರಿಯಾದ ಅಳತೆ. ಎಂಟು ಮಾಡಿದರೆ ಅಭ್ಯಾಸಕ್ಕೆ. ಲೆಕ್ಕ ಹಾಕಿ ನೋಡಿ, ಪ್ಯಾಡ್‌ಗಿಂತ ಅಗ್ಗ ಬೀಳ್ತದೆ. ಆರ್ಚಸ್, ಫ್ಯಾಬ್ರಿಯಾನೋದ ಹತ್ತಿಯ ಶೀಟ್ ಹೊರಗಿನದ್ದು, ದುಬಾರಿ. ಬ್ರುಸ್ಟ್ರೋದವರ ಹತ್ತಿ ಕಾಗದವೂ ಇದೆ, ಕಲಿಯಲು ಧಾರಾಳ ಸಾಕು. ಹಾಟ್ ಪ್ರೆಸ್ ಅಂದರೆ ನುಣುಪು, ರಫ್ ಅಂದರೆ ಒರಟು, ಕೋಲ್ಡ್ ಪ್ರೆಸ್ ನಡುವಿನದ್ದು. ಕೋಲ್ಡ್ ಪ್ರೆಸ್ ಕೇಳಿ.

ನಮ್ಮ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಕಾಗದವನ್ನು ಹೊರಗೆ ಇಡಬೇಡಿ. ನೀರು ತಕ್ಷಣ ಇಂಗದ ಹಾಗೆ ಕಾಗದಕ್ಕೆ ಒಂದು ಅಂಟು ಕೊಟ್ಟಿರ್ತಾರೆ, ತೇವಕ್ಕೆ ಅದು ಹಾಳಾಗ್ತದೆ. ಆಮೇಲೆ ಬಣ್ಣ ಹಚ್ಚಿದರೆ ಅಲ್ಲಲ್ಲಿ ಶಾಯಿ ಕುಡಿದ ಹಾಗೆ ಚುಕ್ಕೆ ಬೀಳ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಪಾಟಿನಲ್ಲಿಡಿ. ಗಟ್ಟಿ ಬಿಲ್ಲೆಯ ವಾಟರ್ ಕಲರ್ ಡಬ್ಬಿಯನ್ನೂ ಒದ್ದೆ ಇರುವಾಗ ಮುಚ್ಚಬೇಡಿ, ಬೂಷ್ಟು ಬರ್ತದೆ. ಆಷಾಢದಲ್ಲಿ ನನ್ನ ಹಳದಿ ಬಣ್ಣದ ಮೇಲೆ ಬೆಳೆದದ್ದನ್ನು ನೋಡಿದರೆ ಉಪ್ಪಿನಕಾಯಿ ಭರಣಿ ನೆನಪಾಗ್ತಿತ್ತು.

ಒಂದೇ ಪೆನ್ಸಿಲ್, ಶಿವಮೊಗ್ಗ

ಇಲ್ಲಿ ನಾನು ಒಪ್ಪಲ್ಲ. ದುಬಾರಿ ಕಾಗದ ಮುಂದಿಟ್ಟುಕೊಂಡರೆ ಹೊಸಬರ ಕೈ ನಡುಗುತ್ತೆ. ನಮ್ಮಮ್ಮ ಒಳ್ಳೇ ಪಿಂಗಾಣಿ ಕಪ್ಪುಗಳನ್ನು ನೆಂಟರು ಬಂದಾಗ ಅಂತ ಎತ್ತಿಟ್ಟ ಹಾಗೆ, ಹತ್ತಿ ಕಾಗದ "ಒಳ್ಳೇ ಚಿತ್ರಕ್ಕೆ" ಅಂತ ಎತ್ತಿಡ್ತಾರೆ. ಆ ಒಳ್ಳೇ ಚಿತ್ರ ಬರುವುದೇ ಇಲ್ಲ. ಅಗ್ಗದ್ದರಲ್ಲಿ ನೂರು ಚಿತ್ರ ಹಾಳು ಮಾಡಲಿ. ಕೈ ಪಳಗಬೇಕು.

ಗೀಚುಗಾರ, ಮೈಸೂರು

ಎರಡೂ ಸರಿ, ಆದರೆ ಬೇರೆ ಬೇರೆ ಕೆಲಸಕ್ಕೆ. ಬಣ್ಣ ಬೆರೆಸಿ ನೋಡಲು, ಕುಂಚ ಹೇಗೆ ಓಡುತ್ತದೆ ಅಂತ ತಿಳಿಯಲು ಅಗ್ಗದ ಕಾಗದ ನಡೆಯುತ್ತದೆ. ಒದ್ದೆ ಮೇಲೆ ಒದ್ದೆ ಹಾಕುವುದನ್ನು ಅದರಲ್ಲಿ ಕಲಿಯಲು ಆಗುವುದಿಲ್ಲ. ಆ ಕಾಗದ ತಪ್ಪು ಪಾಠ ಹೇಳಿಕೊಡುತ್ತದೆ. ನೂರು ಸಲ ತಪ್ಪು ಪಾಠ ಓದಿದರೆ ಏನು ಬಂತು?

ಭಯಕ್ಕೆ ನನ್ನ ಉಪಾಯ ಇದು. ಒಂದು ಶೀಟ್ ತಂದ ದಿನವೇ ಎಂಟು ತುಂಡು ಮಾಡಿ. ತುಂಡಾದ ಮೇಲೆ ಅದರ ದೊಡ್ಡಸ್ತಿಕೆ ಅರ್ಧ ಹೋಗುತ್ತದೆ. ಕೆಟ್ಟ ಚಿತ್ರದ ಬೆನ್ನನ್ನೂ ಬಳಸಿ, ಹತ್ತಿ ಕಾಗದದ ಹಿಂಬದಿಯೂ ಕೆಲಸಕ್ಕೆ ಬರುತ್ತದೆ. ನಮ್ಮ ಕ್ಲಾಸಿನಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಇದ್ದಾರೆ. ಪ್ರತಿ ತುಂಡಿನ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬೆಲೆ ಬರೆದುಕೊಳ್ಳುತ್ತಿದ್ದರು. ಅದನ್ನು ಅಳಿಸಿ ಅಂತ ಹೇಳಬೇಕಾಯಿತು.

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಸರಿ, ಎರಡು ಹತ್ತಿ ಶೀಟ್, ಜೊತೆಗೆ ಒಂದು ಅಗ್ಗದ ಪ್ಯಾಡ್. ಬಣ್ಣ? 24 ಟ್ಯೂಬು ಬೇಕಾ? ಕ್ಯಾಮೆಲ್‌ನಲ್ಲೇ ಸ್ಟೂಡೆಂಟ್ ಅಂತ ಒಂದು, ಆರ್ಟಿಸ್ಟ್ ಅಂತ ಒಂದು ಇದೆಯಲ್ಲ, ಯಾವುದು ತಗೊಳ್ಳಲಿ?

ಗೀಚುಗಾರ, ಮೈಸೂರು

ಬಣ್ಣದ ಪುಡಿ ಮತ್ತು ಗೋಂದು, ವಾಟರ್ ಕಲರ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ಸ್ಟೂಡೆಂಟ್ ದರ್ಜೆಯಲ್ಲಿ ಬಣ್ಣದ ಪುಡಿ ಕಡಿಮೆ, ತುಂಬುವ ಬಿಳಿ ಪುಡಿ ಜಾಸ್ತಿ. ಹಚ್ಚಿದಾಗ ಸುಣ್ಣ ಬೆರೆಸಿದ ಹಾಗೆ ಕಾಣುವುದು ಅದಕ್ಕೇ. ಕಲಿಯುವಾಗ ಸ್ಟೂಡೆಂಟ್ ದರ್ಜೆಯ 24ಕ್ಕಿಂತ ಆರ್ಟಿಸ್ಟ್ ದರ್ಜೆಯ ಆರೇ ಆರು ಒಳ್ಳೆಯದು. ಖರ್ಚು ಹೆಚ್ಚುಕಡಿಮೆ ಅಷ್ಟೇ.

ಯಾವ ಆರು? ತಣ್ಣನೆಯ ಹಳದಿ ಒಂದು, ಲೆಮನ್ ಯೆಲ್ಲೋ. ಬೆಚ್ಚನೆಯ ಹಳದಿ ಒಂದು, ಗ್ಯಾಂಬೋಜ್ ಥರದ್ದು. ಕಿತ್ತಳೆಗೆ ಹತ್ತಿರದ ಕೆಂಪು ಒಂದು, ಗುಲಾಬಿಗೆ ಹತ್ತಿರದ ಕೆಂಪು ಒಂದು. ಅಲ್ಟ್ರಾಮರೀನ್ ನೀಲಿ. ಬರ್ಂಟ್ ಸಿಯೆನ್ನಾ, ಅಂದರೆ ನಮ್ಮ ಹೆಂಚಿನ ಬಣ್ಣ. ಬಾಳೆ ಎಲೆ, ತೆಂಗಿನ ಗರಿ ಜಾಸ್ತಿ ಬರೆಯುವವರಾದರೆ ಹಸಿರಿಗೆ ವಾಲುವ ನೀಲಿ, ಥೇಲೋ ಬ್ಲೂ, ಏಳನೆಯದು. ಕಪ್ಪು ಬೇಡ. ಹಸಿರು ಕೊಳ್ಳಬೇಡಿ, ಬೆರೆಸಿಕೊಳ್ಳಿ. ಟ್ಯೂಬಿನಿಂದ ನೇರ ಬಂದ ಹಸಿರು ಹಚ್ಚಿದರೆ ಮಲೆನಾಡು ಪ್ಲಾಸ್ಟಿಕ್ ಬಾಳೆಗಿಡದ ಹಾಗೆ ಕಾಣುತ್ತದೆ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಅಲ್ಟ್ರಾಮರೀನ್ ಆದರೆ ಪಿಬಿ 29, ಬರ್ಂಟ್ ಸಿಯೆನ್ನಾ ಆದರೆ ಸಾಮಾನ್ಯವಾಗಿ ಪಿಬಿಆರ್ 7. ಯಾವ ಕಂಪನಿಯಾದರೂ ಒಂದು ಪುಡಿಗೆ ಸಂಕೇತ ಒಂದೇ. ಹೆಸರು ಏನು ಬೇಕಾದರೂ ಇಡುತ್ತಾರೆ, ಸಂಕೇತ ನೋಡಿ ಕೊಳ್ಳಿ. ಒಂದೇ ಸಂಕೇತ ಇದ್ದರೆ ಒಂದೇ ಬಣ್ಣದ ಪುಡಿ, ಬೆರೆಸಿದಾಗ ಶುಭ್ರವಾಗಿರುತ್ತದೆ. ಮೂರು ನಾಲ್ಕು ಸಂಕೇತ ಇದ್ದರೆ ಅವರೇ ಬೆರೆಸಿದ್ದು, ನೀವು ಇನ್ನೊಂದನ್ನು ಸೇರಿಸಿದರೆ ಬೇಗ ಕೆಸರಾಗುತ್ತದೆ. ಹೆಸರಿನ ಕೊನೆಯಲ್ಲಿ ‘ಹ್ಯೂ’ ಅಂತ ಇದ್ದರೆ ಅಸಲಿ ಪುಡಿಯಲ್ಲ, ಅದರ ಹಾಗೆ ಕಾಣುವ ಬೇರೆ ಪುಡಿ. ಅದೇನೂ ಮೋಸ ಅಲ್ಲ. ಕೆಲವೊಮ್ಮೆ ಅದೇ ಒಳ್ಳೆಯದು.

ಗುಲಾಬಿ ಕೆಂಪು ಕೊಳ್ಳುವಾಗ ಹುಷಾರು. ಹಳೇ ಅಲಿಜರಿನ್ ಕ್ರಿಮ್ಸನ್, ಸಂಕೇತ ಪಿಆರ್ 83, ಬೆಳಕಿಗೆ ಮಾಸುತ್ತದೆ. ಬದಲಿಗೆ ಪಿವಿ 19 ಹುಡುಕಿ. ನಾನೇ ತಂಗಿಗೆ ಬರೆದುಕೊಟ್ಟ ದಾಸವಾಳ ಅವರ ವೆರಾಂಡಾದಲ್ಲಿ ನೇತಾಡುತ್ತಿತ್ತು. ನಾಲ್ಕು ವರ್ಷದಲ್ಲಿ ಎಲೆ ಹಾಗೇ ಇದೆ, ಹೂವು ಸೊರಗಿ ಬಿಳಿಚಿಕೊಂಡಿದೆ.

ಕರಾವಳಿ ಕುಂಚ, ಮಂಗಳೂರು

ಎರಡು ಉಪಕಥೆ. ಗ್ಯಾಂಬೋಜ್ ಅಂದರೆ ಮೂಲದಲ್ಲಿ ಒಂದು ಮರದ ಹಳದಿ ಅಂಟು. ನಾವು ಶರಬತ್ತು ಮಾಡುವ ಮುರುಗಲು, ಸಾರಿಗೆ ಹಾಕುವ ಉಪ್ಪಾಗೆ ಎಲ್ಲ ಅದೇ ಕುಲದ್ದು. ಈಗ ಟ್ಯೂಬಿನಲ್ಲಿ ಬರುವುದು ಹೆಚ್ಚಾಗಿ ‘ಹ್ಯೂ’. ಮತ್ತೆ ಈ ಅಲ್ಟ್ರಾಮರೀನ್ ಇದೆಯಲ್ಲ, ಅಜ್ಜಿ ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿ ಕೂಡ ಅದೇ ಜಾತಿ. ಬಕೆಟ್‌ನಲ್ಲಿ ತಳಕ್ಕೆ ಕೂರುತ್ತಿತ್ತಲ್ಲ, ಕಾಗದದ ಗುಳಿಗಳಲ್ಲೂ ಹಾಗೇ ಕೂರ್ತದೆ. ನೆರಳಿಗೆ ಅಂಥ ಚಂದ ಬೇರೆ ಇಲ್ಲ.

ಸೆಟ್ ಪ್ರೇಮಿ, ತುಮಕೂರು

ಆರು ಟ್ಯೂಬು ಅಂದಾಗ ನನ್ನ ಎದೆಯಲ್ಲಿ ಏನೋ ಮುರಿಯಿತು.

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಕುಂಚದ ಬಗ್ಗೆ ಒಂದು ಗೊಂದಲ. ನಿನ್ನೆ ಒಂದು ಅಂಗಡಿಯಲ್ಲಿ ಕೇಳಿದಾಗ, ಒಳಗಿನಿಂದ ಒಂದು ಕಟ್ಟು ತಂದು "ಇದು ಮುಂಗುಸಿ ಕೂದಲು ಮೇಡಂ, ಹಳೇ ಸ್ಟಾಕು, ನಿಮಗೆ ಅಂತ ಕೊಡ್ತೀನಿ" ಅಂದರು. ತುದಿ ಸೂಜಿಯ ಹಾಗೆ ಇತ್ತು. ಬೆಲೆಯೂ ಕಮ್ಮಿ. ತಗೊಳ್ಳಲಿಲ್ಲ, ಏನೋ ಹಿಂಜರಿಕೆ ಆಯಿತು. ತಗೋಬಹುದಿತ್ತಾ?

ಅಂಗಡಿ ಹುಡುಗ, ಹುಬ್ಬಳ್ಳಿ

ತಗೊಳ್ಳದಿದ್ದದ್ದೇ ಒಳ್ಳೇದಾಯಿತು ಅಕ್ಕಾರ. ಮುಂಗುಸಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದರ ಕೂದಲಿನ ಕುಂಚ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಅರಣ್ಯ ಇಲಾಖೆಯವರು ದಾಳಿ ಮಾಡಿ ಹಿಡಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತೆ. ಒಂದು ಪ್ರಾಣಿಯಿಂದ ಕುಂಚಕ್ಕೆ ಆಗುವಷ್ಟು ಒಳ್ಳೇ ಕೂದಲು ಸಿಗುವುದು ಹಿಡಿಯಷ್ಟೂ ಇಲ್ಲ. ಅದಕ್ಕೆ ಎಷ್ಟು ಕೊಲ್ಲಬೇಕು ನೀವೇ ಯೋಚಿಸಿ. "ಹಳೇ ಸ್ಟಾಕು" ಅನ್ನೋದು ಎಲ್ಲರೂ ಹೇಳುವ ಮಾತು.

ಈಗಿನ ಸಿಂಥೆಟಿಕ್ ಕುಂಚ ಬಹಳ ಸುಧಾರಿಸಿದೆ. ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ, ನಾವು ಕೊಡ್ತೀವಿ. ಕುಂಚ ಅದ್ದಿ, ಝಾಡಿಸಿ. ತುದಿ ತಾನೇ ಒಂದಾಗಿ ಚೂಪಾಗಬೇಕು. ಅಂಗೈ ಮೇಲೆ ಬಗ್ಗಿಸಿ ಬಿಟ್ಟರೆ ನೆಟ್ಟಗಾಗಬೇಕು. ಎರಡಾಗಿ ಸೀಳಿದರೆ ವಾಪಸ್ ಇಡಿ.

ಗೀಚುಗಾರ, ಮೈಸೂರು

ಡಜನ್ ಬೇಡ. ರೌಂಡ್ 10 ಅಥವಾ 12 ಒಂದು, ರೌಂಡ್ 6 ಒಂದು, ಒಂದು ಇಂಚಿನ ಫ್ಲ್ಯಾಟ್ ಒಂದು. ಹೊಸಬರು 0, 00 ನಂಬರಿನ ಕುಂಚ ಹಿಡಿದು ರೆಪ್ಪೆಗೂದಲು ಎಣಿಸುತ್ತಾ ಕೂರುತ್ತಾರೆ. ದೊಡ್ಡ ಕುಂಚದ ತುದಿಯಲ್ಲೇ ಸಣ್ಣ ಗೆರೆ ಬರುತ್ತದೆ. ಪ್ಯಾಲೆಟ್‌ಗೆ ಅಡುಗೆ ಮನೆಯ ಬಿಳಿ ಪಿಂಗಾಣಿ ತಟ್ಟೆ. ಹೊಸ ಪ್ಲಾಸ್ಟಿಕ್ ಪ್ಯಾಲೆಟ್‌ನಲ್ಲಿ ನೀರು ಹನಿ ಹನಿಯಾಗಿ ಓಡಾಡುತ್ತದೆ, ಬಣ್ಣ ಬೆರೆತದ್ದು ಕಾಣುವುದೇ ಇಲ್ಲ.

ಅಗಸಿ ಹಿಂಡಿ, ಧಾರವಾಡ

ತಡವಾಗಿ ಬಂದೆ. ನಾನು ಅಕ್ರಿಲಿಕ್, ಆಯಿಲ್ ಎರಡೂ ಮಾಡುವವ. ಅಕ್ಕಾರ, ಅಕ್ರಿಲಿಕ್‌ಗೆ ವಾಟರ್ ಕಲರ್ ಕುಂಚ ಬಳಸಬೇಡ್ರಿ. ಅದು ಪ್ಲಾಸ್ಟಿಕ್ ಬಣ್ಣ. ಒಂದು ಸಲ ಬುಡದಲ್ಲಿ ಒಣಗಿತೆಂದರೆ ಕುಂಚ ಪೊರಕೆ ಆಗುತ್ತದೆ. ಗಟ್ಟಿ ನೈಲಾನ್ ಫ್ಲ್ಯಾಟ್ ಎರಡು ಬೇರೆಯಾಗಿ ಇಡಿ, ಫೋನ್ ಬಂದರೂ ಕುಂಚ ನೀರಿನಲ್ಲಿ ಹಾಕಿಯೇ ಏಳಿ.

ನಮ್ಮ ಕಡೆ ಏಪ್ರಿಲ್ ತಿಂಗಳ ಒಣ ಗಾಳಿಗೆ ತಟ್ಟೆಯಲ್ಲಿ ಹಾಕಿದ ಅಕ್ರಿಲಿಕ್ ಐದು ನಿಮಿಷದಲ್ಲಿ ಕೆನೆಗಟ್ಟುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟು. ಅಗಲವಾದ ಸ್ಟೀಲ್ ಡಬ್ಬಿ, ಒಳಗೆ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಬೇಕರಿಯವರ ಬಟರ್ ಪೇಪರ್. ಬಣ್ಣ ಅದರ ಮೇಲೆ. ಕೆಲಸ ಮುಗಿದ ಮೇಲೆ ಮುಚ್ಚಳ ಹಾಕಿದರೆ ಮರುದಿನಕ್ಕೂ ಬಣ್ಣ ಮೆತ್ತಗೇ ಇರುತ್ತದೆ. ಒಮ್ಮೆ ಅದು ಚಪಾತಿ ಡಬ್ಬಿ ಅಂತ ತಿಳಿದು ಮಗ ಶಾಲೆಗೆ ಒಯ್ದಿದ್ದ. ಆ ಕಥೆ ಇನ್ನೊಮ್ಮೆ ಹೇಳುತ್ತೇನೆ.

12 ಟ್ಯೂಬು ಬೇಡ. ವಾಟರ್ ಕಲರ್‌ಗೆ ಹೇಳಿದ ಆರೇ ಸಾಕು, ಜೊತೆಗೆ ಬಿಳಿ ಮಾತ್ರ ದೊಡ್ಡ ಟ್ಯೂಬು. ಟೈಟೇನಿಯಂ ವೈಟ್ ಕೇಳಿ. ಬೇರೆ ಬಣ್ಣ ಒಂದು ಮುಗಿಯುವುದರಲ್ಲಿ ಬಿಳಿ ಮೂರು ಮುಗಿದಿರುತ್ತದೆ. ಕ್ಯಾನ್ವಾಸ್ ಬದಲು ಕ್ಯಾನ್ವಾಸ್ ಬೋರ್ಡ್, ಇಲ್ಲವೇ ಎಂಡಿಎಫ್ ತುಂಡಿಗೆ ಜೆಸ್ಸೋ ಅನ್ನುವ ಬಿಳಿ ತಳಬಣ್ಣ ಹಚ್ಚಿಕೊಂಡರೂ ನಡೆಯುತ್ತದೆ.

ಆಯಿಲ್ ಕಡೆ ಮನಸ್ಸು ಹೋದರೆ ಎರಡು ಎಚ್ಚರಿಕೆ. ಅಡುಗೆಗೆ ತರುವ ಅಗಸೆ ಎಣ್ಣೆ ಬೆರೆಸಬೇಡಿ, ಚಿತ್ರಕ್ಕೆ ಅಂತಲೇ ಶುದ್ಧ ಮಾಡಿದ ಲಿನ್ಸೀಡ್ ಆಯಿಲ್ ಬೇರೆ. ಕುಂಚ ಒರೆಸಿದ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಈ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಇಲ್ಲವೇ ಬಿಡಿಸಿ ಹಗ್ಗದ ಮೇಲೆ ಹರವಿ. ಕಿಟಕಿ ತೆರೆದಿರಲಿ, ಟರ್ಪಂಟೈನ್ ವಾಸನೆ ಸಣ್ಣ ಫ್ಲ್ಯಾಟಿನಲ್ಲಿ ತಲೆನೋವು ತರುತ್ತದೆ.

ಒಂದೇ ಪೆನ್ಸಿಲ್, ಶಿವಮೊಗ್ಗ

ಚಪಾತಿ ಡಬ್ಬಿ ಕಥೆ ಈಗಲೇ ಹೇಳಿ.

ಅಗಸಿ ಹಿಂಡಿ, ಧಾರವಾಡ

ಟೀಚರ್ ಫೋನ್ ಮಾಡಿ, "ನಿಮ್ಮ ಮಗ ಊಟಕ್ಕೆ ನೀಲಿ ಚಟ್ನಿ ತಂದಿದ್ದಾನೆ" ಅಂದರು. ಇಷ್ಟೇ ಕಥೆ.

ಗೀಚುಗಾರ, ಮೈಸೂರು

ಮೇಡಂ, ಸಾಮಾನು ಕೊಳ್ಳುವ ಮುಂಚೆ ಒಂದು ಬಿಟ್ಟಿ ಕೆಲಸ. ನೀವು ಬೆಂಗಳೂರಿನವರು. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ತೆರೆದಿದೆಯಾ ಅಂತ ವಿಚಾರಿಸಿಕೊಂಡು ಒಮ್ಮೆ ಹೋಗಿ, ಚಿತ್ರಕಾರ ವೆಂಕಟಪ್ಪನವರ ಊಟಿಯ ಜಲವರ್ಣಗಳ ಮುಂದೆ ನಿಂತು ಬನ್ನಿ. ಜನವರಿಯಲ್ಲಿ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಗೆ ಹೋದರೆ ಕಲಾವಿದರನ್ನೇ ಕೇಳಬಹುದು, ಇದು ಯಾವ ಕಾಗದ, ಯಾವ ಬಣ್ಣ ಅಂತ. ಬೆಲೆ ಚೌಕಾಸಿ ಮಾಡುವವರಿಗಿಂತ ಕಾಗದ ಕೇಳುವವರನ್ನು ಕಂಡರೆ ಅವರಿಗೆ ಖುಷಿ.

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಹನ್ನೊಂದು ವಾರ ಆಯಿತು, ವರದಿ ಒಪ್ಪಿಸಬೇಕಲ್ಲ.

ಪೆನ್ಸಿಲ್ ತಿಂಗಳುಗಳಲ್ಲಿ 4ಬಿ ಎರಡು ಮುಗಿಯಿತು, 2ಬಿ ಅರ್ಧ, 6ಬಿ ಒಂಚೂರು. ಒಂದೇ ಪೆನ್ಸಿಲ್ ಅವರೇ, ನೀವು ಗೆದ್ದಿರಿ. ಕಟರ್‌ನಿಂದ ಹೆಬ್ಬೆರಳು ಒಂದು ಸಲ ಕೊಯ್ದುಕೊಂಡೆ. ವಾಟರ್ ಕಲರ್‌ಗೆ ಆರು ಟ್ಯೂಬು, ಮೂರು ಕುಂಚ, ಎರಡು ಶೀಟ್, ಒಂದು ಅಗ್ಗದ ಪ್ಯಾಡ್ ಸೇರಿ 2,600 ಆಯಿತು. ಕ್ಲಾಸಿನಲ್ಲಿ ಪೂರ್ತಿ ಕಿಟ್ ಕೊಂಡವರು ನಾಲ್ಕು ಜನ ಇದ್ದಾರೆ. ಅವರ ಈಸೆಲ್ ಇನ್ನೂ ಕವರಿನಿಂದ ಹೊರಗೆ ಬಂದಿಲ್ಲ. ಕಿಟ್‌ನಲ್ಲಿದ್ದ ವಾಟರ್ ಕಲರ್ ಪ್ಯಾಡ್ 180 ಜಿಎಸ್‌ಎಂ. ಮೊದಲ ದಿನವೇ ನಾಲ್ಕೂ ಹಪ್ಪಳ. ನನ್ನ ಒಂದು ಶೀಟ್ ಎಂಟು ತುಂಡಾಗಿ ಅವರಿಗೆಲ್ಲ ಹಂಚಿಹೋಯಿತು. ಮರುವಾರ ಎಲ್ಲರೂ ಸೇರಿ ಹತ್ತು ಶೀಟ್ ತರಿಸಿದೆವು.

ಮೊನ್ನೆ ದೇವರಮನೆಯ ಹಿತ್ತಾಳೆ ಚೊಂಬು ಬರೆದೆ. ಹೊಳಪಿಗೆ ಬಿಳಿ ಹಚ್ಚದೆ ಕಾಗದವನ್ನೇ ಬಿಡಿ ಅಂದಿದ್ದರು ಮೇಷ್ಟ್ರು. ಬಿಟ್ಟೆ. ಕುತ್ತಿಗೆಯ ಹತ್ತಿರ ಅಕ್ಕಿಕಾಳಿನಷ್ಟು ಜಾಗ. ಮನೆಯವರು ಬಂದು ನೋಡಿ ಏನೂ ಹೇಳಲಿಲ್ಲ. ಆಮೇಲೆ ಆ ಚೊಂಬನ್ನೇ ಎತ್ತಿ ಬೆಳಕಿಗೆ ತಿರುಗಿಸಿ ನೋಡುತ್ತಾ ನಿಂತಿದ್ದರು.

ಸೆಟ್ ಪ್ರೇಮಿ, ತುಮಕೂರು

ಅಕ್ಕಾ, ಚೊಂಬಿನ ನೆರಳಿಗೆ ಯಾವ ಬಣ್ಣ ಹಾಕಿದ್ರಿ? ನನ್ನ 72ರಲ್ಲಿ ಬೂದು ಬಣ್ಣವೇ ಆರು ಇವೆ, ಒಂದೂ ಹೊಂದುತ್ತಿಲ್ಲ.

ಭಾನುವಾರದ ವಿದ್ಯಾರ್ಥಿನಿ, ಬೆಂಗಳೂರು

ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಕಣಪ್ಪ, ಎರಡೇ. ಚೊಂಬಿನ ಹತ್ತಿರ ಸಿಯೆನ್ನಾ ಒಂಚೂರು ಮುಂದು, ದೂರ ಹೋದ ಹಾಗೆ ನೀಲಿ ಮುಂದು. ಪಿಂಗಾಣಿ ತಟ್ಟೆಯಲ್ಲಿ ಬೆರೆಸು, ಪ್ಲಾಸ್ಟಿಕ್‌ನಲ್ಲಿ ಬೇಡ.